ಮಂಡಿ ಊದಿದೆಯಾ? ವಯಸ್ಸಿನ ಮೇಲೆ ಹಾಕಬೇಡಿ!

ಮೆಟ್ಟಿಲು ಹತ್ತುವಾಗ 'ಅಮ್ಮಾ' ಅಂತ ಕೈ ಮಂಡಿಗೆ ಹೋಗುತ್ತದೆಯೇ? ನೆಲದ ಮೇಲೆ ಕೂತು ಏಳುವಾಗ ಗೋಡೆ ಹಿಡಿಯಬೇಕೇ? 'ವಯಸ್ಸಾಯ್ತಲ್ಲ, ಇನ್ನೇನು' ಎಂದು ಮುಲಾಮು ಸವರಿಕೊಂಡು ಮತ್ತೆ ಅಡುಗೆಮನೆ ಸೇರಿಬಿಡುತ್ತೀರಿ. ಆದರೆ ಎಲ್ಲ ಮಂಡಿನೋವಿಗೂ ವಯಸ್ಸೇ ಕಾರಣವಲ್ಲ. ನೋವು ಯಾವಾಗ ಬರುತ್ತೆ, ಊತ ಎಲ್ಲಿದೆ ಅಂತ ಗಮನಿಸಿದರೆ ಕಾರಣದ ಸುಳಿವು ಸಿಗುತ್ತದೆ.

ಯಾವ ನೋವು, ಏನು ಕಾರಣ?

* ಸವೆತ: ಮೂಳೆ ತುದಿಯ ನುಣುಪಾದ ಮೃದ್ವಸ್ಥಿ ಸವೆಯುವುದೇ ಆಸ್ಟಿಯೋ ಆರ್ಥ್ರೈಟಿಸ್. 45 ದಾಟಿದವರಲ್ಲಿ ಹೆಚ್ಚು. ನಡೆದರೆ ನೋವು, ಕೂತರೆ ಆರಾಮ. ಬೆಳಗಿನ ಬಿಗಿತ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಸಡಿಲವಾಗುತ್ತದೆ.

* ಬಿಡದ ಬಿಗಿತ: ಎದ್ದು ಗಂಟೆಯಾದರೂ ಬಿಗಿತ ಹೋಗಿಲ್ಲ, ಎರಡೂ ಮಂಡಿಯ ಜೊತೆ ಕೈಬೆರಳ ಗಿಣ್ಣುಗಳೂ ಊದಿವೆ ಎಂದರೆ ರುಮಟಾಯ್ಡ್ ಆರ್ಥ್ರೈಟಿಸ್ ಇರಬಹುದು. 30ರ ವಯಸ್ಸಿನಲ್ಲೂ ಬರುವ ಇದು ಗಂಡಸರಿಗಿಂತ ಹೆಂಗಸರಲ್ಲೇ ಹೆಚ್ಚು. ಮೊದಲ ತಿಂಗಳುಗಳಲ್ಲೇ ಚಿಕಿತ್ಸೆ ಶುರುವಾದರೆ ಕೀಲು ಸೊಟ್ಟಗಾಗುವುದನ್ನು ಬಹುಮಟ್ಟಿಗೆ ತಡೆಯಬಹುದು. 'ನೋಡೋಣ' ಅಂತ ವರ್ಷ ತಳ್ಳಿದರೆ, ಹಾಳಾದ ಕೀಲು ಮೊದಲಿನಂತಾಗದು.

* ಚಿಪ್ಪಿನ ಮುಂದೆ ಊತ: ಮಂಡಿಯೂರಿ ನೆಲ ಒರೆಸುತ್ತೀರಾ? ಮಂಡಿಚಿಪ್ಪಿನ ಮೇಲಿರುವ ಪುಟ್ಟ ಚೀಲದಲ್ಲಿ ನೀರು ತುಂಬಿಕೊಂಡಿರಬಹುದು. ಉದ್ದ ಕೋಲಿನ ಮಾಪ್ ಬಳಸಿ.

* ಪೆಟ್ಟು: ಬಚ್ಚಲಲ್ಲಿ ಜಾರಿ ಕಾಲು ತಿರುಚಿ, ಒಂದೆರಡು ಗಂಟೆಯಲ್ಲೇ ಮಂಡಿ ಊದಿದರೆ ಒಳಗೆ ಲಿಗಮೆಂಟ್ ಹರಿದಿರಬಹುದು ಅಥವಾ ಮೂಳೆ ಬಿರುಕು ಬಿಟ್ಟಿರಬಹುದು. ನೀವೇ ನೀವಿ ಸರಿಮಾಡಲು ಹೋಗಬೇಡಿ.

* ಯೂರಿಕ್ ಆಮ್ಲ: ರಾತ್ರೋರಾತ್ರಿ ಕೆಂಪಗೆ ಊದಿ, ಹೊದಿಕೆ ತಾಕಿದರೂ ಪ್ರಾಣ ಹೋಗುವಂತಾದರೆ ಅದು ಗೌಟ್ ಇರಬಹುದು. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಇದರ ಸಾಧ್ಯತೆ ಹೆಚ್ಚುತ್ತದೆ.

* ಚಿಕುನ್‌ಗುನ್ಯಾ: 2006ರಲ್ಲಿ ರಾಜ್ಯವನ್ನು ಕಾಡಿದ ಈ ಜ್ವರ ಈಗಲೂ ಬರುತ್ತಿದೆ. ಜ್ವರ ಬಿಟ್ಟರೂ ಕೀಲುನೋವು ತಿಂಗಳುಗಟ್ಟಲೆ ಉಳಿಯಬಹುದು.

ಮನೆಯಲ್ಲೇ ಏನು ಮಾಡಬಹುದು?

* ಹೊಸ ಊತಕ್ಕೆ ಬಟ್ಟೆಯಲ್ಲಿ ಸುತ್ತಿದ ಐಸ್ 15 ನಿಮಿಷ ಇಡಿ. ಬಿಸಿನೀರಿನ ಶಾಖ ಊತವಿಲ್ಲದ ಹಳೆಯ ಬಿಗಿತಕ್ಕೆ ಒಳ್ಳೆಯದು.

* ಊದಿ ಬಿಸಿಯಾದ ಮಂಡಿಗೆ ಎಣ್ಣೆ ಹಾಕಿ ತಿಕ್ಕಬೇಡಿ.

* ಸವೆತದ ನೋವಿದ್ದರೆ ಕುರ್ಚಿಯಲ್ಲಿ ಕೂತು ಒಂದೊಂದೇ ಕಾಲನ್ನು ನೇರ ಚಾಚಿ, 5 ಎಣಿಸಿ, ಇಳಿಸಿ. ದಿನಕ್ಕೆರಡು ಬಾರಿ, ಹತ್ತು ಹತ್ತು ಸಲ. ತೊಡೆಯ ಸ್ನಾಯು ಗಟ್ಟಿಯಾದರೆ ಮಂಡಿಗೆ ಆಸರೆ.

* ತೂಕ ಹೆಚ್ಚಿದ್ದರೆ ಇಳಿಸಿ. ಒಂದು ಕೆ.ಜಿ. ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕೆ.ಜಿ. ಕಡಿಮೆಯಾಗುತ್ತದೆ.

* ಮೆಡಿಕಲ್ ಶಾಪ್‌ನಿಂದ ನೋವಿನ ಮಾತ್ರೆ ತಂದು ದಿನಾ ನುಂಗಬೇಡಿ. ಹೊಟ್ಟೆಗೂ ಕಿಡ್ನಿಗೂ ಅಪಾಯ.

ಅಂದೇ ಡಾಕ್ಟರ ಬಳಿ ಹೋಗಿ

ಜ್ವರದೊಂದಿಗೆ ಮಂಡಿ ಕೆಂಪಾಗಿ ಬಿಸಿಯಾಗಿದ್ದರೆ ಕೀಲಿನೊಳಗೆ ಸೋಂಕು ತಗುಲಿರಬಹುದು. ಸಕ್ಕರೆ ಕಾಯಿಲೆ ಇರುವವರಂತೂ ಒಂದು ದಿನವೂ ಕಾಯಬಾರದು. ಕಾಲೂರಲು ಆಗದಿದ್ದರೆ, ಮಂಡಿ ಮಡಚಿದಲ್ಲೇ ಸಿಕ್ಕಿಕೊಂಡರೆ, ಮೀನಖಂಡ ಊದಿ ನೋಯುತ್ತಿದ್ದರೆ ಆಗಲೂ ತಡ ಬೇಡ.

ಮನೆಮಂದಿಯ ಬಿಪಿ, ಶುಗರ್ ಮಾತ್ರೆಗಳ ಲೆಕ್ಕವೆಲ್ಲ ನಿಮ್ಮ ತಲೆಯಲ್ಲೇ ಇರುತ್ತದೆ. ನಿಮ್ಮ ನೋವು ಎಂದು ಶುರುವಾಯಿತು ಎಂಬುದನ್ನೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಡಾಕ್ಟರು ಮೊದಲು ಕೇಳುವುದೇ ಅದನ್ನು.