ಹೊಟ್ಟೆ ತುಂಬಿದರಷ್ಟೇ ಸಾಲದು, ಮಗು ಬೆಳೆಯಬೇಕು

ಅಂಗನವಾಡಿ ಕಾರ್ಯಕರ್ತೆಯರ ಬಳಿ ಮೂರು ಬಣ್ಣದ ಅಳತೆಪಟ್ಟಿ ಇರುತ್ತದೆ. ಆರು ತಿಂಗಳು ದಾಟಿದ, ಐದು ವರ್ಷದೊಳಗಿನ ಮಗುವಿನ ಎಡ ರಟ್ಟೆಗೆ ಅದನ್ನು ಸುತ್ತುತ್ತಾರೆ. ಸುತ್ತಳತೆ 12.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಹಳದಿ, 11.5ಕ್ಕಿಂತ ಕಡಿಮೆಯಿದ್ದರೆ ಕೆಂಪು. ಕೆಂಪು ಬಂದರೆ ತೀವ್ರ ಅಪೌಷ್ಟಿಕತೆ, ತಡಮಾಡುವಂತಿಲ್ಲ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ ಐದು ವರ್ಷದೊಳಗಿನ ಶೇ 35.4ರಷ್ಟು ಮಕ್ಕಳು ವಯಸ್ಸಿಗೆ ತಕ್ಕಷ್ಟು ಎತ್ತರ ಬೆಳೆದಿಲ್ಲ. ಶೇ 19.5ರಷ್ಟು ಮಕ್ಕಳಿಗೆ ಎತ್ತರಕ್ಕೆ ತಕ್ಕ ತೂಕವಿಲ್ಲ.

ಇದರ ಬೇರು ಗರ್ಭದಲ್ಲೇ ಇದೆ. ಎಳೆಯ ವಯಸ್ಸಿನಲ್ಲಿ ಮದುವೆಯಾಗಿ, ರಕ್ತಹೀನತೆಯಲ್ಲೇ ಬಸುರಾದ ತಾಯಿಗೆ ಕಡಿಮೆ ತೂಕದ ಮಗು ಹುಟ್ಟುವ ಸಂಭವ ಹೆಚ್ಚು. ಮೊದಲ ಆರು ತಿಂಗಳು ಎದೆಹಾಲೊಂದೇ ಸಾಕು. ಆಮೇಲೆ ಎದೆಹಾಲಿನ ಜೊತೆಗೆ ಮೇಲಾಹಾರ ಬೇಕೇಬೇಕು. ಅನೇಕ ಮಕ್ಕಳು ಸೊರಗಲು ತೊಡಗುವುದು ಆಗಲೇ. ನೀರಾದ ಗಂಜಿ, ಬೇಳೆಯ ತಿಳಿಕಟ್ಟು ಕುಡಿದರೆ ಪುಟ್ಟ ಹೊಟ್ಟೆ ತುಂಬುತ್ತದೆ, ಮೈಗೆ ಏನೂ ಹತ್ತುವುದಿಲ್ಲ. ಅದೇ ಅನ್ನ–ಬೇಳೆಯನ್ನು ಚಮಚದಿಂದ ಜಾರದಷ್ಟು ಗಟ್ಟಿಯಾಗಿ ಕಿವುಚಿ, ಒಂದು ಚಮಚ ಎಣ್ಣೆಯನ್ನೋ ತುಪ್ಪವನ್ನೋ ಬೆರೆಸಿ, ಸೊಪ್ಪು, ಮೊಟ್ಟೆ ಸೇರಿಸಿ ತಿನ್ನಿಸಿದರೆ ಅಷ್ಟೇ ಬಟ್ಟಲಿಗೆ ಎಷ್ಟೋ ಪಾಲು ಹೆಚ್ಚು ಕಸುವು.

ಮೇಲಿಂದ ಮೇಲೆ ಬರುವ ಭೇದಿ ತಿಂದದ್ದನ್ನೂ ಕಸಿದುಕೊಳ್ಳುತ್ತದೆ. ಆಗ ಊಟ ನಿಲ್ಲಿಸುವುದು ದೊಡ್ಡ ತಪ್ಪು. ಎದೆಹಾಲು, ಊಟ, ಒಆರ್‌ಎಸ್ ಮುಂದುವರಿಯಬೇಕು. ವೈದ್ಯರು ಕೊಟ್ಟ ಜಿಂಕ್ ಮಾತ್ರೆಯನ್ನು ಭೇದಿ ನಿಂತರೂ ಅವರು ಹೇಳಿದಷ್ಟು ದಿನ ಕೊಡಬೇಕು.

ಕೆಂಪು ಗುರುತಿನ ಮಗುವಿಗೆ ಜ್ವರವಿದ್ದರೆ, ಹಸಿವೇ ಇಲ್ಲದಿದ್ದರೆ, ಎರಡೂ ಪಾದ ಊದಿ ಹೆಬ್ಬೆರಳು ಒತ್ತಿದಲ್ಲಿ ಕುಳಿ ಉಳಿದರೆ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಸೇರಿಸಬೇಕು. ಬಹಳ ಸೊರಗಿದ ದೇಹಕ್ಕೆ ಒಮ್ಮೆಲೇ ಹೆಚ್ಚು ಉಣಿಸಿದರೆ ಜೀವಕ್ಕೇ ಅಪಾಯ. ಅದಕ್ಕೇ ಅಲ್ಲಿ ಮೊದಲು 100 ಮಿ.ಲೀ.ಗೆ 75 ಕ್ಯಾಲೊರಿಯಷ್ಟೇ ಇರುವ ಎಫ್–75 ಹಾಲನ್ನು ಹಗಲೂ ರಾತ್ರಿ ಸ್ವಲ್ಪಸ್ವಲ್ಪವೇ ಕುಡಿಸಿ, ಮಗು ಚೇತರಿಸಿಕೊಂಡ ಮೇಲೆ ಆಹಾರ ಹೆಚ್ಚಿಸುತ್ತಾರೆ.

ಆದರೆ ಕೂಲಿ ಬಿಟ್ಟು ಮಗುವಿನೊಡನೆ ಆಸ್ಪತ್ರೆಯಲ್ಲಿ ಉಳಿಯುವುದು ಬಡತಾಯಿಗೆ ಸುಲಭವಲ್ಲ. ಮನೆಯಲ್ಲಿ ಇನ್ನೆರಡು ಮಕ್ಕಳಿದ್ದರಂತೂ ಅರ್ಧಕ್ಕೇ ಹೊರಟುಬಿಡುತ್ತಾಳೆ. ಉತ್ತರ ಕರ್ನಾಟಕದಿಂದ ಗುಳೆ ಹೋಗುವ ಕುಟುಂಬಗಳ ಮಕ್ಕಳಿಗೆ ಊರಿನ ಅಂಗನವಾಡಿಯ ಮೊಟ್ಟೆ, ಹಾಲು ಎರಡೂ ತಪ್ಪುತ್ತವೆ. ಹೋದ ಕಡೆಯ ಅಂಗನವಾಡಿಗೆ ಹೆಸರು ವರ್ಗಾಯಿಸಲು ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಅವಕಾಶವಿದೆ. ಅದು ಕಟ್ಟಡ ಕಾರ್ಮಿಕರ ಶೆಡ್ಡಿಗೂ ಕಬ್ಬಿನ ಗದ್ದೆಯ ಗುಡಿಸಲಿಗೂ ತಲುಪಬೇಕು. ಎರಡು ವರ್ಷದೊಳಗೆ ಕುಂಠಿತವಾದ ಬೆಳವಣಿಗೆಯನ್ನು ಆಮೇಲೆ ಪೂರ್ತಿ ತುಂಬಿಕೊಡುವುದು ಬಲು ಕಷ್ಟ. ಆದ್ದರಿಂದ ಪಟ್ಟಿ ಹಳದಿ ತೋರಿಸಿದಾಗಲೇ ಎಚ್ಚೆತ್ತುಕೊಳ್ಳೋಣ.