ಕರಿಯ ಹಿಟ್ಟೂ ಬಿಳಿಯ ಅನ್ನವೂ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ನಾಲ್ಕು ತಾಲ್ಲೂಕುಗಳ ಗೃಹಸ್ಥರಲ್ಲಿ ಒಂದು ವಾಡಿಕೆಯು ಬಹುಕಾಲದಿಂದ ನಡೆದುಬಂದಿರುವುದು. ಮನೆಗೆ ನಂಟರು ಬಂದರೆಂದರೆ ಹಿಟ್ಟಿನ ಗಡಿಗೆಯನ್ನು ಮರೆಮಾಡಿ ಬಿಳಿಯ ಅನ್ನವನ್ನು ಬಡಿಸುವರು. ರಾಗಿಯು ದುಡಿಯುವವರ ಧಾನ್ಯ, ಅಕ್ಕಿಯು ಮರ್ಯಾದಸ್ಥರ ಧಾನ್ಯ ಎಂಬ ಭಾವನೆಯೇ ಇದಕ್ಕೆ ಮೂಲ. ಕನಕದಾಸರು ರಾಮಧಾನ್ಯಚರಿತೆಯಲ್ಲಿ ಈ ಎರಡು ಧಾನ್ಯಗಳ ವ್ಯಾಜ್ಯವನ್ನು ಶ್ರೀರಾಮನ ಮುಂದೆ ತಂದು ರಾಗಿಗೇ ಜಯವನ್ನು ಕೊಡಿಸಿ ಶತಮಾನಗಳು ಕಳೆದುವು. ಆ ತೀರ್ಪು ನಮ್ಮ ಊಟದ ಮನೆಗಳಲ್ಲಿ ಇನ್ನೂ ಜಾರಿಗೆ ಬಂದಂತಿಲ್ಲ.

ಈಚೆಗೆ ಗಾಳಿಯು ಬೇರೆ ದಿಕ್ಕಿಗೆ ತಿರುಗಿದೆ. ವಿಶ್ವಸಂಸ್ಥೆಯು 2023ನೆಯ ಇಸವಿಯನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿದ ಮೇಲಂತೂ, ಅದೇ ರಾಗಿಯು ಥಳಥಳಿಸುವ ಪೊಟ್ಟಣಗಳಲ್ಲಿ ಕುಳಿತು ಸರ್ವರೋಗಗಳಿಗೂ ಮದ್ದೆಂದು ಹೊಗಳಿಸಿಕೊಳ್ಳುತ್ತಿದೆ. ನಿನ್ನೆಯ ತಿರಸ್ಕಾರವೂ ಇಂದಿನ ಸ್ತೋತ್ರವೂ ವಿಚಾರಣೆಯಿಲ್ಲದೆ ಹುಟ್ಟಿದವುಗಳೇ ಎಂಬುದು ನಮ್ಮ ಅಭಿಪ್ರಾಯ.

ಮೊದಲು ಬಿಳಿಯ ಬಣ್ಣದ ಮೋಹವನ್ನು ಪರಿಶೀಲಿಸೋಣ. 1890ರ ದಶಕದಲ್ಲಿ ಜಾವಾ ದ್ವೀಪದಲ್ಲಿದ್ದ ಡಚ್ ವೈದ್ಯ ಐಕ್‌ಮನ್ನರು, ನಯಮಾಡಿದ ಬಿಳಿಯಕ್ಕಿಯನ್ನೇ ತಿಂದ ಕೋಳಿಗಳು ಕಾಲು ಸೋತು ಬೀಳುವುದನ್ನೂ, ತೌಡು ಹೋಗದ ಅಕ್ಕಿಯನ್ನು ಹಾಕಿದರೆ ಚೇತರಿಸಿಕೊಳ್ಳುವುದನ್ನೂ ಕಂಡರು. ಬೆರಿಬೆರಿ ಎಂಬ ರೋಗದ ಗುಟ್ಟು ಇದರಿಂದ ಹೊರಬಿದ್ದಿತು; 1929ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವೂ ದೊರೆಯಿತು. ಅಕ್ಕಿಯನ್ನು ಬೆಳ್ಳಗೆ ಮಾಡುವ ಗಿರಣಿಯು ಅದರ ಸತ್ತ್ವವನ್ನೇ ತೌಡಿನೊಡನೆ ದನಗಳ ಬಾನಿಗೆ ಸಾಗಿಸುವುದೆಂದಾಯಿತು. ರಾಗಿಯನ್ನಾದರೋ ಸಿಪ್ಪೆಸಮೇತ ಬೀಸುವುದರಿಂದ ಈ ನಷ್ಟವು ಕಡಮೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಪಟ್ಟಿಯಂತೆ ನೂರು ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೆ, ಬಿಳಿಯಕ್ಕಿಯಲ್ಲಿ 8 ಮಿಲಿಗ್ರಾಂ ಸಹ ಇಲ್ಲ. ನಾರು ರಾಗಿಯಲ್ಲಿ 11 ಗ್ರಾಂ, ಅಕ್ಕಿಯಲ್ಲಿ ಸುಮಾರು 3 ಗ್ರಾಂ.

ಆದರೆ ಅದೇ ಪಟ್ಟಿಯು ರಾಗಿಯ ಹೊಗಳುಭಟರಿಗೂ ಪಾಠವನ್ನು ಹೇಳುತ್ತದೆ. ಮುದ್ದೆಯೊಂದೇ ಮೈಕಟ್ಟುವುದೆಂಬುದು ಸುಳ್ಳು. ಪ್ರೋಟೀನ್ ರಾಗಿಯಲ್ಲಿ 7 ಗ್ರಾಮಿಗೆ ತುಸು ಹೆಚ್ಚು, ಅಕ್ಕಿಗಿಂತ ಅಧಿಕವೇನೂ ಅಲ್ಲ. ಆ ಕೊರತೆಯನ್ನು ತುಂಬುವುದು ಪಕ್ಕದ ಸಾರು. ಅವರೆಕಾಳು, ಹುರುಳಿ, ತೊಗರಿ ಇವುಗಳನ್ನೂ ಸೊಪ್ಪನ್ನೂ ಬೇಯಿಸಿ, ಬಸಿದ ಕಟ್ಟನ್ನು ಚೆಲ್ಲದೆ ಬಸ್ಸಾರು ಮಾಡುವ ನಮ್ಮ ಹೆಣ್ಣುಮಕ್ಕಳ ಜಾಣ್ಮೆಯು ಯಾವ ಪಂಡಿತರ ಉಪದೇಶಕ್ಕೂ ಕಡಮೆಯಾದುದಲ್ಲ. ಮಧುಮೇಹಿಗಳು ಮುದ್ದೆಯನ್ನು ಎಷ್ಟಾದರೂ ಉಣ್ಣಬಹುದೆಂಬ ನಂಬಿಕೆಯು ಇನ್ನೂ ಅಪಾಯಕರ. ರಾಗಿಯ ಮೂರರಲ್ಲಿ ಎರಡು ಪಾಲು ಪಿಷ್ಟವೇ. ನುಣ್ಣಗೆ ಬೀಸಿ ಗಂಜಿಯಾಗಿ ಕುಡಿದರೆ ಅದೂ ರಕ್ತದ ಸಕ್ಕರೆಯನ್ನು ಬೇಗನೆ ಏರಿಸುವುದು. ಧಾನ್ಯವನ್ನು ಬದಲಾಯಿಸಿ ಅಳತೆಯನ್ನು ಮರೆತವರಿಗೆ ಪ್ರಯೋಜನವಿಲ್ಲ. ರಾಗಿಯ ಕಬ್ಬಿಣಾಂಶವೂ ಸುಲಭವಾಗಿ ಮೈಗೆ ಹತ್ತದು. ಮೊಳಕೆ ಕಟ್ಟಿ ಹುರಿದು ಹಿಟ್ಟುಮಾಡುವುದು, ಊಟದಲ್ಲಿ ನಿಂಬೆರಸವಿಡುವುದು, ಉಂಡೊಡನೆ ಕಾಫಿ ಟೀಗಳನ್ನು ಕುಡಿಯದಿರುವುದು ಇದಕ್ಕೆ ಉಪಾಯಗಳು.

ಇವೆಲ್ಲಕ್ಕಿಂತ ಗುರುತರವಾದ ಭ್ರಮೆಯು ನೀರಿನ ವಿಷಯವಾಗಿದೆ. ನಮ್ಮ ಸೀಮೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಕಲ್ಲಿನ ಪದರಗಳನ್ನು ಕೊರೆದು ಬಹು ಆಳದಿಂದ ಎತ್ತಿದ ನೀರೇ ಜೀವನಾಧಾರ. ಜಿಲ್ಲೆಯ ಅನೇಕ ಗ್ರಾಮಗಳಲ್ಲಿ ಈ ನೀರಿನ ಫ್ಲೋರೈಡು ಲೀಟರಿಗೆ 1.5 ಮಿಲಿಗ್ರಾಮೆಂಬ ಮಿತಿಯನ್ನು ಮೀರಿರುವುದು. ಕುದಿಸಿದರೆ ನೀರು ಶುದ್ಧವಾಗುವುದೆಂದು ಎಲ್ಲರೂ ನಂಬಿರುವರು. ಕುದಿಸಿದರೆ ಕ್ರಿಮಿಗಳು ಸಾಯುವುವು, ನಿಜ, ಫ್ಲೋರೈಡು ಹೋಗದು. ನೀರು ಆವಿಯಾದಷ್ಟೂ ಅದು ಉಳಿದ ನೀರಿನಲ್ಲಿ ಮತ್ತಷ್ಟು ಗಟ್ಟಿಯಾಗುವುದು. ಮಕ್ಕಳ ಹಲ್ಲಿನ ಮೇಲಿನ ಕಂದು ಕಲೆಯನ್ನು ಹಲ್ಲುಜ್ಜದ ಸೋಮಾರಿತನವೆಂದು ಗದರುವ ತಂದೆತಾಯಿಗಳು, ಮೊಣಕಾಲು ಮಡಿಸಲಾರದ ಮಧ್ಯವಯಸ್ಕರನ್ನು ವಾಯುದೋಷವೆಂದು ಸಮಾಧಾನಪಡಿಸುವವರು, ಒಮ್ಮೆ ಬಾವಿಯ ನೀರನ್ನು ಪರೀಕ್ಷೆ ಮಾಡಿಸಲಿ. ಆಹಾರದಲ್ಲಿ ಕ್ಯಾಲ್ಸಿಯಂ ಕಡಮೆಯಾದವರನ್ನೇ ಈ ಪೀಡೆಯು ಹೆಚ್ಚಾಗಿ ಕಾಡುವುದರಿಂದ, ಇಲ್ಲಿ ರಾಗಿ, ಹಾಲು, ಸೊಪ್ಪುಗಳು ರುಚಿಯ ಮಾತಲ್ಲ, ಮೂಳೆಯ ಮಾತು. ಆದರೂ ಅವು ಶುದ್ಧ ನೀರಿಗೆ ಬದಲಾಗಲಾರವು.

ನ್ಯಾಯದ ಅಂಗಡಿಯ ಅಕ್ಕಿಯಿಂದ ಬಡವರ ಹಸಿವು ಹಿಂಗಿದೆಯಲ್ಲ, ಅದನ್ನು ಹಳಿಯುವುದು ಸರಿಯೇ ಎಂದು ಕೆಲವರು ಆಕ್ಷೇಪಿಸಬಹುದು. ನಾವು ಅಕ್ಕಿಯನ್ನು ಹಳಿಯುತ್ತಿಲ್ಲ. ಹೊಟ್ಟೆ ತುಂಬುವುದು ಮೊದಲನೆಯ ಧರ್ಮ. ಮೈಗೆ ಬೇಕಾದುದು ದೊರೆಯುವುದು ಎರಡನೆಯದು. 2024ರಲ್ಲಿ ರಾಜ್ಯದ ಶಾಲೆಗಳ ಮಕ್ಕಳಿಗೆ ಹಾಲಿನೊಡನೆ ರಾಗಿಯ ಪೇಯವನ್ನು ಕೊಡಲಾರಂಭಿಸಿದ್ದು ಈ ಎರಡನೆಯ ಧರ್ಮದ ಕಡೆಗೆ ಇಟ್ಟ ಹೆಜ್ಜೆ.

ಆದುದರಿಂದ ಅಧಿಕಾರಿಗಳಲ್ಲಿ ನಮ್ಮ ವಿಜ್ಞಾಪನೆಯೇನೆಂದರೆ, ಪ್ರತಿಯೊಂದು ಕುಡಿಯುವ ನೀರಿನ ಬಾವಿಯ ಫ್ಲೋರೈಡಿನ ಅಂಕಿಯನ್ನೂ ಊರಿನ ಚಾವಡಿಯ ಗೋಡೆಯ ಮೇಲೆ ಬರೆಯಿಸತಕ್ಕದ್ದು. ಶುದ್ಧೀಕರಣದ ಯಂತ್ರವು ಕೆಟ್ಟರೆ ಸರಿಪಡಿಸುವ ಹೊಣೆಗಾರರು ಯಾರೆಂಬುದನ್ನೂ ಅಲ್ಲಿಯೇ ಕಾಣಿಸತಕ್ಕದ್ದು. ಗೃಹಸ್ಥರಲ್ಲಿ ಕೋರುವುದು ಇಷ್ಟೇ: ಬಣ್ಣವನ್ನು ನೋಡಿ ಧಾನ್ಯಕ್ಕೆ ಮಣೆ ಹಾಕಬೇಡಿ, ಪೊಟ್ಟಣದ ಮೇಲಿನ ಸ್ತುತಿಯನ್ನು ವೇದವಾಕ್ಯವೆನ್ನಬೇಡಿ. ಮುಂದಿನ ಸಲ ನಂಟರು ಬಂದಾಗ ಹಿಟ್ಟಿನ ಗಡಿಗೆಯು ನಡುಮನೆಗೆ ಬರಲಿ.