ಲೇತ್ ಉಳಿಗಳಿಗೆ ಸಾಣೆ: ಕಡಿಮೆ ಖರ್ಚಿನ ಜಿಗ್ ಆರಿಸುವ ಬಗೆ

ಜಡಿಮಳೆಯಿಂದ ತೋಟಕ್ಕೆ ಇಳಿಯಲಾಗದ ದಿನಗಳಲ್ಲಿ ಕೊಟ್ಟಿಗೆಯ ಮೂಲೆಯಲ್ಲಿ ಸಣ್ಣ ಲೇತ್ ಇಟ್ಟುಕೊಂಡು ಮರ ಕಡೆಯುವ ಬೆಳೆಗಾರರು ಅಲ್ಲಲ್ಲಿ ಇದ್ದಾರೆ. ನೆರಳಿಗೆ ಬೆಳೆಸಿ ಕಡಿದ ಸಿಲ್ವರ್ ಓಕ್, ಹಲಸಿನ ತುಂಡು, ಹಳೆಯ ಕಾಫಿ ಗಿಡದ ಕಾಂಡ ಇವು ಬಟ್ಟಲು, ಲಟ್ಟಣಿಗೆಗಳಾಗುತ್ತವೆ. (ಬಿಳಿ ಕಾಂಡಕೊರಕ ಬಿದ್ದ ಗಿಡಗಳನ್ನು ಮಾತ್ರ ಇದಕ್ಕೆಂದು ಕೂಡಿಡಬಾರದು. ಕಿತ್ತ ಕೂಡಲೇ ಸುಡಬೇಕು. ಇಲ್ಲದಿದ್ದರೆ ದುಂಬಿಗಳು ಹೊರಬಂದು ಉಳಿದ ಗಿಡಗಳಿಗೆ ಹರಡುತ್ತವೆ.)

ಕಾಫಿಯ ಮರ ಗಟ್ಟಿ. ಉಳಿಯ ಹರಿತ ಬೇಗ ಹೋಗುತ್ತದೆ. ಮೊಂಡಾದ ಉಳಿಯನ್ನು ಒತ್ತಿ ಹಿಡಿದರೆ ಅದು ತಿರುಗುವ ಮರಕ್ಕೆ ಕಚ್ಚಿಕೊಂಡು ಕೈಯಿಂದ ಕಿತ್ತುಹೋಗಬಹುದು. ಆದುದರಿಂದ ಮೇಲಿಂದ ಮೇಲೆ ಸಾಣೆ ಹಿಡಿಯಲೇಬೇಕು. ಬರಿಗೈಯಲ್ಲಿ ಹಿಡಿದಾಗ ಕೋನ ಪ್ರತಿ ಸಲವೂ ತುಸು ಬದಲಾಗುತ್ತದೆ. ಹೊಸ ಕೋನ ಕೂಡುವವರೆಗೆ ಉಕ್ಕು ಸವೆಯುತ್ತದೆ. ಬೆಲೆಬಾಳುವ ಉಳಿ ಮರಕ್ಕಿಂತ ಹೆಚ್ಚಾಗಿ ಸಾಣೆಕಲ್ಲಿಗೇ ಕರಗುವುದು ಹೀಗೆ. ಕೈ ಪಳಗಿದ ಕಸುಬುದಾರರ ಮಾತು ಬೇರೆ. ಉಳಿದವರಿಗೆ ಜಿಗ್ ಬೇಕು.

ಜಿಗ್ ಎಂದರೆ ಉಳಿಯನ್ನು ಪ್ರತಿ ಸಲವೂ ಅದೇ ಕೋನದಲ್ಲಿ ಕಲ್ಲಿಗೆ ಒಡ್ಡುವ ಸಾಧನ. ಅದರಿಂದ ಸಿಗುವ ಲಾಭ ಇಷ್ಟೇ. ಇಷ್ಟಕ್ಕಾಗಿ ದುಬಾರಿ ವಿದೇಶಿ ಜಿಗ್ ತರಿಸುವ ಅಗತ್ಯ ನಮಗಂತೂ ಕಾಣುವುದಿಲ್ಲ.

ಹೆರೆಯುವ ಉಳಿಗೆ ಕಲ್ಲಿನ ಮುಂದೆ ಓರೆ ಮಾಡಬಹುದಾದ ಒಂದು ಪುಟ್ಟ ಹಲಗೆ ಸಾಕು. ಕೋನ 70ರಿಂದ 80 ಡಿಗ್ರಿ. ಕಲ್ಲಿಗೂ ಹಲಗೆಗೂ ನಡುವೆ 3 ಮಿ.ಮೀ.ಗಿಂತ ಹೆಚ್ಚು ಸಂದು ಇರಬಾರದು. ಚೌಕದ ಮರವನ್ನು ದುಂಡಗೆ ಮಾಡುವ ದಪ್ಪ ಗೌಜ್ ಉಳಿಗೆ ಗ್ರೈಂಡರಿನ ಕೆಳಗೆ ಹಿಂದೆ ಮುಂದೆ ಸರಿಯುವ ಒಂದು ಪಟ್ಟಿ, ಅದರ ತುದಿಯಲ್ಲಿ ‘ವಿ’ ಆಕಾರದ ಗೂಡು ಬೇಕು. ಹಿಡಿಯ ಬುಡವನ್ನು ಗೂಡಿಗೆ ಊರಿ ಉಳಿಯನ್ನು ಉರುಳಿಸಿದರೆ ಸುಮಾರು 45 ಡಿಗ್ರಿಯ ಓರೆಮುಖ ಸಮನಾಗಿ ಬರುತ್ತದೆ. ಇವೆರಡನ್ನೂ ಊರಿನ ಬಡಗಿಯೇ ಗಟ್ಟಿಮರದಲ್ಲಿ ಮಾಡಿಕೊಡಬಲ್ಲ. ಪಟ್ಟಿ ಕಲ್ಲಿನ ನಡುವಿಗೆ ನೇರವಾಗಿರಬೇಕು, ಬಿಗಿದ ಮೇಲೆ ಅಲುಗಬಾರದು.

ಬಟ್ಟಲು ತೋಡುವ ಗೌಜ್‌ಗೆ, ಅದರಲ್ಲೂ ಎರಡು ಬದಿ ಹಿಂದಕ್ಕೆ ಸರಿದಿರುವ ಬಗೆಗೆ, ತೂಗಾಡುವ ತೋಳಿನ ಜಿಗ್ ಬೇಕಾಗುತ್ತದೆ. ಹಣ ಕೊಟ್ಟು ಕೊಳ್ಳಬೇಕಾದರೆ ಇದೊಂದನ್ನೇ ಕೊಂಡರೆ ಸಾಕು. ಅಗ್ಗದ್ದನ್ನು ಅಂಗಡಿಯಲ್ಲೇ ಉಳಿ ಸಿಕ್ಕಿಸಿ ನೋಡಿರಿ. ತಿರುಪು ಬಿಗಿದ ಮೇಲೂ ಉಳಿ ಹೊರಳಿದರೆ, ತೋಳಿನ ಕೀಲು ಸಡಿಲವಿದ್ದರೆ, ಬೇಡ. ಬಣ್ಣ, ಹೊಳಪು ನೋಡಬೇಕಾಗಿಲ್ಲ.

ಉಳಿದ ಹಣವನ್ನು ಕಲ್ಲಿಗೆ ಹಾಕುವುದು ಮೇಲು. ಗ್ರೈಂಡರಿನೊಡನೆ ಬರುವ ಒರಟು ಬೂದು ಕಲ್ಲಿಗಿಂತ 80 ನಂಬರಿನ ಬಿಳಿ ಅಲ್ಯೂಮಿನಿಯಂ ಆಕ್ಸೈಡ್ ಕಲ್ಲು ಉಳಿಗೆ ಹಿತ. ಅಳವಡಿಸುವ ಮುನ್ನ ಗ್ರೈಂಡರಿನ ವೇಗವನ್ನು ಆ ಕಲ್ಲು ತಾಳುತ್ತದೆಯೇ ಎಂದು ಅದರ ಮೇಲಿನ ಚೀಟಿ ನೋಡಿರಿ. ಮಾಮೂಲು ಗ್ರೈಂಡರ್ ನಿಮಿಷಕ್ಕೆ ಸುಮಾರು 2,800 ಸುತ್ತು ತಿರುಗುತ್ತದೆ. 1,400 ಸುತ್ತಿನದು ಸಿಕ್ಕಿದರೆ ಹೊಸಬರಿಗೆ ಅನುಕೂಲ.

ಜಿಗ್ ಹೊಂದಿಸುವಾಗ ಓರೆಮುಖಕ್ಕೆ ಮಾರ್ಕರ್ ಶಾಯಿ ಬಳಿದು, ಗ್ರೈಂಡರ್ ನಿಲ್ಲಿಸಿರುವಾಗಲೇ ಕಲ್ಲನ್ನು ಕೈಯಿಂದ ತಿರುಗಿಸಿರಿ. ಬಾಯಿಯ ಬಳಿ ಮಾತ್ರ ಶಾಯಿ ಅಳಿಸಿದರೆ ಕೋನ ದೊಡ್ಡದಾಗಿದೆ; ಹಿಂಬದಿಯಲ್ಲಿ ಮಾತ್ರ ಅಳಿಸಿದರೆ ಚಿಕ್ಕದಾಗಿದೆ. ಪೂರ್ತಿ ಅಳಿಸುವ ಸ್ಥಾನ ಸಿಕ್ಕಿದ ಕೂಡಲೇ ಕಲ್ಲಿಗೂ ಗೂಡಿಗೂ ಇರುವ ಅಂತರಕ್ಕೆ ಒಂದು ರೀಪು ಕತ್ತರಿಸಿ, ಉಳಿಯ ಹೆಸರು ಬರೆದು ಮೊಳೆಗೆ ನೇತುಹಾಕಿರಿ. ಜಿಗ್‌ನಿಂದ ಉಳಿ ಎಷ್ಟು ಹೊರಚಾಚಬೇಕೆಂಬುದಕ್ಕೂ, ಉದಾಹರಣೆಗೆ 50 ಮಿ.ಮೀ., ಹಾಗೆಯೇ ಒಂದು ಅಳತೆತುಂಡು ಇರಲಿ. ಮುಂದಿನ ಸಲ ಕೆಲಸ ಅರೆ ನಿಮಿಷದ್ದು. ಕಲ್ಲು ಸವೆದು ಚಿಕ್ಕದಾದಂತೆ ಶಾಯಿಯ ಪರೀಕ್ಷೆಯನ್ನು ಮತ್ತೆ ಮಾಡಬೇಕು.

ಕಣ್ಣಿಗೆ ಕನ್ನಡಕವಿಲ್ಲದೆ ಗ್ರೈಂಡರ್ ಹಚ್ಚಕೂಡದು. ಕಲ್ಲಿನ ಪಕ್ಕದ ಮುಖಕ್ಕೆ ಉಳಿ ಒತ್ತಕೂಡದು. ಕಾರ್ಬನ್ ಉಕ್ಕಿನ ಉಳಿ ನೀಲಿಗಟ್ಟಿದರೆ ಹದ ಹೋಯಿತೆಂದೇ ತಿಳಿಯಿರಿ. ಅದನ್ನು ಆಗಾಗ ನೀರಿಗೆ ಅದ್ದುತ್ತಿರಬೇಕು. ಹೈಸ್ಪೀಡ್ ಉಕ್ಕು ಆ ಬಿಸಿಯನ್ನು ತಾಳುತ್ತದೆ. ಅದು ಕಾದಿರುವಾಗ ನೀರಿಗೆ ಹಾಕಿದರೆ ಬಾಯಿಯಲ್ಲಿ ಸೂಕ್ಷ್ಮ ಬಿರುಕು ಬಿಡಬಹುದಾದ್ದರಿಂದ ತಾನಾಗಿ ಆರಲು ಬಿಡಬೇಕು.